ಜಪಾನಿನ ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸುವುದು ಹೇಗೆ: ಮೊದಲ ತರಗತಿಯಿಂದ ಆರನೇ ತಿಂಗಳವರೆಗೆ

ಜಪಾನಿನಲ್ಲಿ ಇಂಗ್ಲಿಷ್ ಮಾತು ಕಲಿಯೋಕೆ ಬರುವ ದೊಡ್ಡವರು ಇಂಗ್ಲಿಷ್ ಬಾರದವರಲ್ಲ. ಹೊಸದಾಗಿ ಪಾಠ ಶುರು ಮಾಡುವವರು ಮೊದಲು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಮಾಧ್ಯಮಿಕ ಶಾಲೆಯಲ್ಲಿ 3 ವರ್ಷ, ಹೈಸ್ಕೂಲಿನಲ್ಲಿ 3 ವರ್ಷ ಅವರು ಇಂಗ್ಲಿಷ್ ಓದಿರುತ್ತಾರೆ. ವ್ಯಾಕರಣದ ನಿಯಮ ಕೇಳಿದರೆ ನಮಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಓದಿದ್ದು ಪ್ರವೇಶ ಪರೀಕ್ಷೆಗೋಸ್ಕರ. ವಾಕ್ಯ ಬಿಡಿಸು, ಜಪಾನಿಗೆ ಅನುವಾದ ಮಾಡು, ಉತ್ತರ ಬರೆ, ಅಷ್ಟೇ. ಬಾಯಿ ಬಿಡುವ ಸಂದರ್ಭ ತೀರಾ ಕಡಿಮೆ. ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದ್ದು 2020ರಲ್ಲಿ. ಈಗ 40-50 ದಾಟಿದವರಿಗೆ ಅದು ಸಿಗಲೇ ಇಲ್ಲ.

ಹಾಗಾಗಿ ಅವರ ತಲೆಗೆ ಇನ್ನಷ್ಟು ಇಂಗ್ಲಿಷ್ ತುಂಬಲು ಹೋಗಬೇಡಿ. ಒಳಗೆ ಇರುವುದನ್ನು ಬಾಯಿಗೆ ತರಿಸುವುದೇ ನಿಮ್ಮ ಕೆಲಸ. ಕೆಳಗಿನ ಹಂತಗಳೆಲ್ಲ ಇದನ್ನೇ ನೆಚ್ಚಿಕೊಂಡಿವೆ. ಟೋಕಿಯೋದ ನಿಶಿಕಸಾಯ್ ಕಡೆ ಇರುವ ನಮ್ಮವರಿಗೆ, ಬೆಂಗಳೂರಿನಿಂದ ಆನ್‌ಲೈನ್ ಪಾಠ ಮಾಡುವವರಿಗೆ, ಬಿಡದಿಯ ಕಾರ್ಖಾನೆಗೆ ಬಂದ ಜಪಾನಿ ಎಂಜಿನಿಯರುಗಳಿಗೆ ಹೇಳಿಕೊಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಹಂತ 1: ಎದುರಿಗೆ ಕೂತವರು ಯಾರು ಅಂತ ತಿಳಿಯಿರಿ

ಮಾತು ಕಲಿಸುವ ಪಾಠಕ್ಕೆ ಅಲ್ಲಿ ‘ಏಕೈವಾ’ ಅನ್ನುತ್ತಾರೆ. ಬರುವವರಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯವರು ಕಂಪನಿಯವರು. ರಾಕುಟೆನ್ ಅನ್ನುವ ಆನ್‌ಲೈನ್ ಮಾರಾಟದ ಕಂಪನಿ ತನ್ನ ಒಳಗಿನ ವ್ಯವಹಾರವನ್ನೆಲ್ಲ ಇಂಗ್ಲಿಷಿಗೆ ತರುತ್ತೇವೆ ಅಂತ 2010ರಲ್ಲಿ ಹೇಳಿತು, 2012ರಲ್ಲಿ ಜಾರಿಗೆ ತಂದಿತು. ಎಲ್ಲ ಕಂಪನಿಗಳೂ ಹಾಗಿಲ್ಲ, ಆದರೆ ಹೊರದೇಶದವರ ಜೊತೆ ಮೀಟಿಂಗ್ ಬಂದರೆ ಎದೆ ಹೊಡೆದುಕೊಳ್ಳುವವರು ಬಹಳ ಜನ. ಎರಡನೆಯವರು ನಿವೃತ್ತರು, ಗೃಹಿಣಿಯರು. ಊರಿನ ಕೋಮಿನ್‌ಕಾನ್, ಅಂದರೆ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಸೇರಿ ಕಲಿಯುವ ಗುಂಪುಗಳು ಇವರದು. ಇವರಿಗೆ ಇಂಗ್ಲಿಷ್ ಎಷ್ಟು ಬೇಕೋ ಜೊತೆಗಾರರೂ ಅಷ್ಟೇ ಬೇಕು. ಮೂರನೆಯವರು ಪ್ರವಾಸ, ಮಗಳ ಮದುವೆ, ವಿದೇಶಿ ಅಳಿಯ ಅಂತ ಒಂದೇ ಒಂದು ಕಾರಣ ಇಟ್ಟುಕೊಂಡು ಬಂದವರು.

ಟೋಯಿಕ್ ಅಂಕ ಕೇಳಿ ಮಟ್ಟ ಅಳೆಯಬೇಡಿ. ಜಪಾನಿನ ಬೇಡಿಕೆಯಿಂದಲೇ 1979ರಲ್ಲಿ ಶುರುವಾದ ಇಂಗ್ಲಿಷ್ ಪರೀಕ್ಷೆ ಇದು. ಜನ ಸಾಮಾನ್ಯವಾಗಿ ಬರೆಯುವ ಪರೀಕ್ಷೆಯಲ್ಲಿ 200 ಪ್ರಶ್ನೆ, 2 ಗಂಟೆ, 990 ಅಂಕ. ಎಲ್ಲಾ ಕೇಳಿ, ಓದಿ ಗುರುತು ಹಾಕುವುದು. ಒಂದು ಮಾತೂ ಆಡಬೇಕಿಲ್ಲ. 800 ತೆಗೆದವರು ‘ಹೌ ವಾಸ್ ಯುವರ್ ವೀಕೆಂಡ್?’ ಅಂದರೆ ಬೆವರುವುದು ಸಾಮಾನ್ಯ ದೃಶ್ಯ. ಅದರ ಬದಲು 10 ನಿಮಿಷ ಮಾತಾಡಿಸಿ. ಕೆಲಸದಲ್ಲಿ ಇಂಗ್ಲಿಷ್ ಎಲ್ಲಿ ಬೇಕು? ಫೋನಿನಲ್ಲಾ, ಮೀಟಿಂಗಿನಲ್ಲಾ, ಊಟದ ಮೇಜಿನಲ್ಲಾ? ಕಳೆದ ಸಲ ಎಲ್ಲಿ ಮಾತು ನಿಂತುಹೋಯಿತು? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಮೊದಲ ತಿಂಗಳ ಪಾಠ ತಯಾರಾಗುತ್ತದೆ.

ಒಪ್ಪಿಗೆ ಪಡೆದು ಆ 10 ನಿಮಿಷ ರೆಕಾರ್ಡ್ ಮಾಡಿ ಇಡಿ. ಮುಂದೆ ಬೇಕಾಗುತ್ತದೆ.

ಹಂತ 2: ಮೊದಲ ದಿನವೇ ತಪ್ಪಿಸಿಕೊಳ್ಳುವ ದಾರಿ ಕೊಡಿ

ಜಪಾನಿಯರು ಸುಮ್ಮನಾಗುವುದಕ್ಕೆ ದೊಡ್ಡ ಕಾರಣ, ಅರ್ಥವಾಗದಿದ್ದಾಗ ಏನು ಹೇಳಬೇಕು ಅಂತ ತೋಚದಿರುವುದು. ಆದ್ದರಿಂದ ಪರಿಚಯ ಮುಗಿದ ಕೂಡಲೇ ಐದಾರು ವಾಕ್ಯ ಬಾಯಿಪಾಠ ಮಾಡಿಸಿ. ‘ಕುಡ್ ಯೂ ಸೇ ದಟ್ ಅಗೇನ್?’ ‘ಲೆಟ್ ಮಿ ಥಿಂಕ್.’ ‘ಡು ಯೂ ಮೀನ್...?’ ‘ಐ ಡೋಂಟ್ ನೋ ದಿ ವರ್ಡ್, ಬಟ್ ಇಟ್ಸ್ ಲೈಕ್...’ ‘ಮೋರ್ ಸ್ಲೋಲಿ, ಪ್ಲೀಸ್.’ ದೊಡ್ಡ ಅಕ್ಷರದಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಮೇಜಿನ ಮೇಲೆ ಇಡಿ. ಮೊದಲ ತಿಂಗಳು ಆ ಕಾರ್ಡ್ ನೋಡಿಕೊಂಡೇ ಹೇಳಲಿ, ಪರವಾಗಿಲ್ಲ.

‘ಲೆಟ್ ಮಿ ಥಿಂಕ್’ ಇವುಗಳಲ್ಲಿ ಅತಿ ಮುಖ್ಯ. ಅದು ಬಂದರೆ ಮೌನಕ್ಕೆ ಒಂದು ಹೆಸರು ಸಿಕ್ಕಿತು, ನಾಚಿಕೆ ಕಡಿಮೆಯಾಯಿತು.

ಹೆಸರಿನ ವಿಷಯ. ಅವರು ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಸಿಕೊಂಡು ರೂಢಿ. ಕೆಲವು ಶಾಲೆಗಳಲ್ಲಿ ಮೊದಲ ಹೆಸರು ಹಿಡಿದು ಕರೆಯಿರಿ, ಇಂಗ್ಲಿಷ್ ವಾತಾವರಣ ಬರುತ್ತದೆ ಅನ್ನುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. 60 ದಾಟಿದ ಹಿರಿಯರನ್ನು ನಾವು ಊರಲ್ಲಿ ಹಾಗೆ ಕರೆಯುತ್ತೇವಾ? ಹೇಗೆ ಕರೆಯಲಿ ಅಂತ ಅವರನ್ನೇ ಕೇಳಿ.

ಹಂತ 3: ಮೌನಕ್ಕೆ ಜಾಗ ಕೊಡಿ

ನಮ್ಮವರು ಎಡವುವುದು ಇಲ್ಲೇ. ನಾವು ಮಾತಿನ ಮಧ್ಯೆ ಖಾಲಿ ಜಾಗ ಸಹಿಸುವವರಲ್ಲ. ಪ್ರಶ್ನೆ ಕೇಳಿ ಎರಡು ಸೆಕೆಂಡ್ ಆಗುವಷ್ಟರಲ್ಲಿ ಇನ್ನೊಂದು ಪ್ರಶ್ನೆ, ಅದೂ ಬರದಿದ್ದರೆ ಉತ್ತರ ನಾವೇ. ಎದುರಿಗಿರುವವರು ಅಷ್ಟು ಹೊತ್ತಿಗೆ ಜಪಾನಿಯಲ್ಲಿ ಯೋಚಿಸಿ, ಕ್ರಿಯಾಪದವನ್ನು ಕೊನೆಯಿಂದ ಎತ್ತಿ ಮಧ್ಯಕ್ಕೆ ಇಡುತ್ತಾ ಇರುತ್ತಾರೆ. ನೀವು ಎರಡನೇ ಪ್ರಶ್ನೆ ಕೇಳಿದಿರಿ ಅಂದರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕು.

ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮುಖವನ್ನೇ ದಿಟ್ಟಿಸಬೇಡಿ, ನೋಟ್‌ಬುಕ್ ಕಡೆ ನೋಡಿ. ಹತ್ತಾದರೂ ಬರದಿದ್ದರೆ ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ನಿಧಾನವಾಗಿ ಕೇಳಿ. ಪದ ಬದಲಾಯಿಸಿದರೆ ಅವರ ಪಾಲಿಗೆ ಅದು ಹೊಸ ಪ್ರಶ್ನೆ. ಆಗಲೂ ಬರದಿದ್ದರೆ ಎರಡು ಆಯ್ಕೆ ಕೊಡಿ: ‘ಸ್ಟೇಡ್ ಹೋಮ್, ಆರ್ ವೆಂಟ್ ಔಟ್?’

ಗುಂಪಿನಲ್ಲಿ ‘ಎನಿ ಕ್ವೆಶ್ಚನ್ಸ್?’ ಅಂತ ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರು ಮುಂದೆ ಬಿದ್ದು ಮಾತಾಡುವುದು ಅಲ್ಲಿ ಚೆನ್ನಾಗಿ ಕಾಣುವುದಿಲ್ಲ. ಇಬ್ಬಿಬ್ಬರಂತೆ ಜೋಡಿ ಮಾಡಿ ಒಂದು ನಿಮಿಷ ಚರ್ಚಿಸಲು ಬಿಡಿ. ಆಮೇಲೆ ಹೆಸರು ಹಿಡಿದು ಕೇಳಿ. ಜೊತೆಗಾರರ ಜೊತೆ ಒಮ್ಮೆ ಹೇಳಿ ನೋಡಿದ ಉತ್ತರ ಎಲ್ಲರ ಮುಂದೆ ಸಲೀಸಾಗಿ ಬರುತ್ತದೆ.

ಕಂಪನಿಯ ತರಗತಿಯಾದರೆ ಇನ್ನೊಂದು ತೊಡಕು. ಮ್ಯಾನೇಜರ್ ಮತ್ತು ಅವರ ಕೈಕೆಳಗಿನವರು ಒಂದೇ ಕೋಣೆಯಲ್ಲಿದ್ದಾಗ ಕಿರಿಯರು ಬೇಕಂತಲೇ ಕಡಿಮೆ ಮಾತಾಡಬಹುದು. ಸಾಹೇಬರಿಗಿಂತ ಚೆನ್ನಾಗಿ ಮಾತಾಡಿ ತೋರಿಸುವುದು ಅವರಿಗೆ ಮುಜುಗರ. ಆಗುವುದಾದರೆ ಬೇರೆ ಬೇರೆ ಗುಂಪು ಮಾಡಿ. ಆಗದಿದ್ದರೆ ಮ್ಯಾನೇಜರರಿಗೆ ಪ್ರಶ್ನೆ ಕೇಳುವ ಪಾತ್ರ ಕೊಡಿ, ಉತ್ತರ ಬೇರೆಯವರು ಹೇಳಲಿ.

ಇನ್ನು ‘ಯೆಸ್’ ಬಗ್ಗೆ. ನೀವು ಮಾತಾಡುವಾಗ ಅವರು ತಲೆ ಆಡಿಸುತ್ತಾ ‘ಯೆಸ್, ಯೆಸ್’ ಅನ್ನುತ್ತಾರೆ. ಜಪಾನಿಯಲ್ಲಿ ಇದು ಐಝುಚಿ, ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟುವುದು. ಕೇಳಿಸುತ್ತಿದೆ ಅಂತ ಅರ್ಥವೇ ಹೊರತು ತಿಳಿಯಿತು ಅಂತಲೂ ಅಲ್ಲ, ಒಪ್ಪಿದೆ ಅಂತಲೂ ಅಲ್ಲ. ಆದ್ದರಿಂದ ‘ಡು ಯೂ ಅಂಡರ್‌ಸ್ಟಾಂಡ್?’ ಅಂತ ಕೇಳುವುದು ದಂಡ. ‘ಸೋ, ವಾಟ್ ಟೈಮ್ ಈಸ್ ದಿ ಮೀಟಿಂಗ್?’ ಅಂತ ಕೇಳಿ, ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಹಂತ 4: 50 ನಿಮಿಷ ಹಂಚುವುದು ಹೀಗೆ

ಮೊದಲ 5 ನಿಮಿಷ ಪ್ರತಿ ವಾರ ಅದೇ ಹರಟೆ: ಹವಾಮಾನ, ವಾರಾಂತ್ಯ, ತಿಂದದ್ದು. ಅದೇ ಪ್ರಶ್ನೆ ಮತ್ತೆ ಮತ್ತೆ ಬರುವುದು ಒಳ್ಳೆಯದೇ, ಮನೆಯಲ್ಲಿ ತಯಾರಾಗಿ ಬರುತ್ತಾರೆ. ಆಮೇಲೆ 10 ನಿಮಿಷ ಹೊಸ ವಾಕ್ಯದ ಅಚ್ಚು. ಒಂದೇ ಒಂದು. ಉದಾಹರಣೆಗೆ ‘ಐ ಯೂಸ್ಡ್ ಟು..., ಬಟ್ ನೌ...’ ನಂತರ 25 ನಿಮಿಷ ಅದನ್ನು ಬಳಸಿ ಮಾತು. ಕೊನೆಯ 10 ನಿಮಿಷ ತಪ್ಪು ತಿದ್ದುವುದು, ಮನೆಗೆಲಸ.

ಆ 25 ನಿಮಿಷಕ್ಕೆ ನನಗೆ ಬಹಳ ಇಷ್ಟವಾದ ಅಭ್ಯಾಸ 4-3-2. ಒಂದು ವಿಷಯ ಕೊಡಿ. ಮೊದಲು ತಯಾರಿಗೆ ಎರಡು ನಿಮಿಷ ಬಿಡಿ. ಮೊದಲ ಜೊತೆಗಾರರಿಗೆ 4 ನಿಮಿಷದಲ್ಲಿ ಹೇಳಬೇಕು. ಜೋಡಿ ಬದಲಾಯಿಸಿ, ಅದನ್ನೇ ಎರಡನೆಯವರಿಗೆ 3 ನಿಮಿಷದಲ್ಲಿ. ಮೂರನೆಯವರಿಗೆ 2 ನಿಮಿಷದಲ್ಲಿ. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗಿರುತ್ತದೆ. ಅವರಿಗೇ ಅದು ಕೇಳಿಸುತ್ತದೆ. ತಪ್ಪಿಲ್ಲದೆ ಹೇಳಬೇಕು ಅಂತ ಹಟ ಇರುವವರಿಗೆ ಒಂದೇ ಮಾತನ್ನು ಮೂರು ಸಲ ಹೇಳುವ ಅವಕಾಶ ದೊಡ್ಡ ಸಮಾಧಾನ. ಒಬ್ಬರೇ ವಿದ್ಯಾರ್ಥಿ ಇದ್ದರೂ ಮಾಡಬಹುದು. ಪ್ರತಿ ಸಲ ನೀವು ಬೇರೆ ಕೇಳುಗರಾಗಿ: ಸಹೋದ್ಯೋಗಿ, ಗ್ರಾಹಕ, ವಿಮಾನದ ಪಕ್ಕದ ಸೀಟಿನವರು.

ಆನ್‌ಲೈನಿನಲ್ಲಿ ಸಾಮಾನ್ಯವಾಗಿ 25 ನಿಮಿಷದ ಪಾಠ. ಅಲ್ಲಿ ಹೊಸ ಅಚ್ಚು ಬಿಟ್ಟುಬಿಡಿ, ಹರಟೆ ಮತ್ತು ಒಂದು ವಿಷಯದ ಮಾತು ಸಾಕು.

ಹಂತ 5: ಉಚ್ಚಾರಣೆಯಲ್ಲಿ ಮೊದಲು ಸ್ವರ ಕತ್ತರಿಸಿ

ಎಲ್ಲರೂ ಆರ್-ಎಲ್ ಹಿಂದೆ ಬೀಳುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ವ್ಯಂಜನದ ಹಿಂದೆ ಸೇರಿಕೊಳ್ಳುವ ಸ್ವರ. ಜಪಾನಿಯಲ್ಲಿ ನಾಸಿಕ್ಯ ಬಿಟ್ಟರೆ ಪದ ಸ್ವರದಲ್ಲೇ ಮುಗಿಯಬೇಕು. ಹಾಗಾಗಿ ಸ್ಟ್ರೈಕ್ ಅನ್ನುವುದು ‘ಸು-ತೊ-ರ-ಇ-ಕು’ ಆಗುತ್ತದೆ. ಒಂದೇ ಉಸಿರಿನ ಪದ ಐದು ಮಾತ್ರೆ! ಮೆಕ್‌ಡೊನಾಲ್ಡ್ಸ್ ಅನ್ನುವುದು ‘ಮ-ಕು-ದೊ-ನ-ರು-ದೊ’. ಕೇಳುವ ಇಂಗ್ಲಿಷಿನವರಿಗೆ ಯಾವ ಪದ ಅಂತಲೇ ಗೊತ್ತಾಗುವುದಿಲ್ಲ.

ನಗುವ ಮೊದಲು ನಮ್ಮ ಬಸ್ಸು, ಕಾರು, ಲೈಟು, ರೋಡು ನೆನಪಿಸಿಕೊಳ್ಳಿ. ನಾವೂ ಅದನ್ನೇ ಮಾಡುವವರು. ಕನ್ನಡದ ಶಿಕ್ಷಕರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಕನ್ನಡದಲ್ಲಿ ‘ಬಸ್ಸು’, ಇಂಗ್ಲಿಷಿನಲ್ಲಿ ‘ಬಸ್’ ಅಂತ ಬದಲಾಯಿಸುವುದು ನಮಗೆ ಅಭ್ಯಾಸ ಆಗಿದೆ. ಅದನ್ನೇ ಅವರಿಗೆ ಮಾಡಿ ತೋರಿಸಬಹುದು.

ಕಲಿಸುವ ಕ್ರಮ ಹೀಗೆ. ಹೈಕು ಅನ್ನುವ ಪುಟ್ಟ ಪದ್ಯದ 5-7-5 ಮಾತ್ರೆ ಎಣಿಸುವುದು ಅವರಿಗೆ ಬೆರಳ ತುದಿಯಲ್ಲಿದೆ. ಮೊದಲು ಪದವನ್ನು ಜಪಾನಿ ರೀತಿಯಲ್ಲಿ ಹೇಳಿಸಿ, ಪ್ರತಿ ಮಾತ್ರೆಗೂ ಚಪ್ಪಾಳೆ. ಸ್ಟ್ರೈಕಿಗೆ ಐದು ಚಪ್ಪಾಳೆ. ಈಗ ಒಂದೇ ಚಪ್ಪಾಳೆಯಲ್ಲಿ ಹೇಳಲು ಹೇಳಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಕೊನೆಯ ವ್ಯಂಜನವನ್ನು ಪಿಸುಮಾತಿನಲ್ಲಿ ಮುಗಿಸಲು ಹೇಳಿದರೆ ‘ಕು’ ಹೋಗಿ ‘ಕ್’ ಉಳಿಯುತ್ತದೆ. ಆಮೇಲೆ ವಾಕ್ಯಕ್ಕೆ ಬನ್ನಿ. ‘ಐ ವಾಂಟ್ ಟು ಗೋ ಟು ದಿ ಬ್ಯಾಂಕ್’ ಅನ್ನುವಲ್ಲಿ ಒತ್ತು ಬೀಳುವುದು ವಾಂಟ್, ಗೋ, ಬ್ಯಾಂಕ್ ಮೇಲೆ ಮಾತ್ರ. ಉಳಿದವು ಸಣ್ಣಗೆ, ಬೇಗ. ಜಪಾನಿಯಲ್ಲೂ ಕನ್ನಡದಲ್ಲೂ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ತೂಕ ಇರುವುದರಿಂದ ಇದನ್ನು ನೀವೂ ಅವರ ಜೊತೆ ಅಭ್ಯಾಸ ಮಾಡಬೇಕಾಗಬಹುದು.

ಆರ್-ಎಲ್ ಕಲಿಸಬೇಡಿ ಅಂತಲ್ಲ. ಅವರ ಕಿವಿಗೆ ಎರಡೂ ಒಂದೇ, ಯಾಕೆಂದರೆ ಜಪಾನಿಯಲ್ಲಿ ಇರುವುದು ಒಂದೇ ಧ್ವನಿ. ರೈಟ್-ಲೈಟ್, ಕರೆಕ್ಟ್-ಕಲೆಕ್ಟ್, ಗ್ರಾಸ್-ಗ್ಲಾಸ್ ಜೋಡಿಗಳನ್ನು ಮೊದಲು ಕೇಳಿಸಿ, ಬಲಗೈ ಎಡಗೈ ಎತ್ತಿಸಿ. ಎಲ್ ಹೇಳುವಾಗ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗಿರಬೇಕು, ಆರ್ ಹೇಳುವಾಗ ಎಲ್ಲೂ ತಾಗಬಾರದು. ದಿನಕ್ಕೆ ಮೂರು ನಿಮಿಷ ಸಾಕು. ಅರ್ಧ ತರಗತಿ ಅದಕ್ಕೇ ಕಳೆದರೆ ಜನ ಮುಂದಿನ ವಾರ ಬರುವುದಿಲ್ಲ.

ನಮ್ಮ ಉಚ್ಚಾರಣೆಯ ಕಡೆಗೂ ಕಣ್ಣಿರಲಿ. ಎಗ್ ‘ಯೆಗ್’ ಆಗುವುದು, ಓನ್ಲಿ ‘ವೋನ್ಲಿ’ ಆಗುವುದು, ವೆಸ್ಟ್ ಅಂದರೆ ಪಶ್ಚಿಮವೋ ತೊಡುವ ಬನಿಯನ್ನೋ ಗೊತ್ತಾಗದಿರುವುದು, ಇವು ನಮ್ಮವೇ. ಅವರ ಕಿವಿ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಉಚ್ಚಾರಣೆಯಲ್ಲಿ. ನಿಮ್ಮದು ಬೇರೆ ಅಂತ ಮೊದಲೇ ಹೇಳಿ, ಬೇರೆ ಬೇರೆ ಧ್ವನಿಗಳ ಆಡಿಯೋ ಕೇಳಿಸಿ. ಟೋಯಿಕ್ ಕೂಡ 2006ರಿಂದ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಧ್ವನಿಗಳನ್ನು ಬಳಸುತ್ತಿದೆ. ಭಾರತದ ಎಂಜಿನಿಯರುಗಳ ಜೊತೆ ಕೆಲಸ ಮಾಡುವವರಿಗಂತೂ ನಿಮ್ಮ ಧ್ವನಿಯೇ ಬೇಕಾದ ಅಭ್ಯಾಸ. ‘ಗುಡ್ ನೇಮ್’, ‘ಡು ದಿ ನೀಡ್‌ಫುಲ್’ ಮಾತ್ರ ದಯವಿಟ್ಟು ಕಲಿಸಬೇಡಿ.

ಹಂತ 6: ಪದೇ ಪದೇ ಬರುವ ತಪ್ಪುಗಳನ್ನು ಮೊದಲೇ ತಿಳಿದಿರಿ

ಜಪಾನಿಯವರ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ಕನ್ನಡದವರಿಗೆ ಬೇಗ ಹೊಳೆಯುತ್ತದೆ. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ. ವಿಭಕ್ತಿ ನಾಮಪದದ ಹಿಂದೆ. ಎ, ದಿ ಇಲ್ಲ. ಕರ್ತೃ ಬಿಟ್ಟರೂ ನಡೆಯುತ್ತದೆ. ‘ಊಟ ಮಾಡಿದೆ’ ಅಂದರೆ ಯಾರು ಅಂತ ನಾವು ಕೇಳುವುದಿಲ್ಲ, ಅವರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ‘ಐ’ ಬೇಕೇ ಬೇಕು.

ನಕಾರದ ಪ್ರಶ್ನೆ ಇನ್ನೊಂದು. ‘ಡಿಡಂಟ್ ಯೂ ಗೋ?’ ಅಂದರೆ ಹೋಗದವರು ‘ಯೆಸ್’ ಅನ್ನುತ್ತಾರೆ. ‘ಹೋಗಲಿಲ್ವಾ?’ ‘ಹೂಂ, ಹೋಗಲಿಲ್ಲ’ ಅಂತ ನಾವೂ ಹೇಳುತ್ತೇವಲ್ಲ, ಅದೇ. ಯೆಸ್-ನೋ ಮಾತ್ರ ಹೇಳಿ ನಿಲ್ಲಿಸದೆ ‘ನೋ, ಐ ಡಿಡಂಟ್’ ಅಂತ ಪೂರ್ತಿ ಹೇಳಿಸಿ.

ಉಳಿದವು ಬೇಗ ಹೇಳಿಬಿಡುತ್ತೇನೆ. ‘ಆಲ್ಮೋಸ್ಟ್ ಜಪಾನೀಸ್ ಪೀಪಲ್’ ಅಂದರೆ ‘ಮೋಸ್ಟ್’. 50 ವರ್ಷದವರು ‘ಐ ಪ್ಲೇಡ್ ವಿತ್ ಮೈ ಫ್ರೆಂಡ್’ ಅಂದರೆ ಸ್ನೇಹಿತರ ಜೊತೆ ಸುತ್ತಾಡಿದೆ ಅಂತ. ‘ಪ್ಲೀಸ್ ಟೀಚ್ ಮಿ ಯುವರ್ ಫೋನ್ ನಂಬರ್’ ಅಂದರೆ ‘ಟೆಲ್’. ‘ಹೌ ಡು ಯೂ ಥಿಂಕ್?’ ಬದಲು ‘ವಾಟ್’. ‘ಐ ಆಮ್ ಬೋರಿಂಗ್’ ಅಂದಾಗ ಪಾಪ, ಬೇಜಾರಾಗಿದೆ ಅಂತಷ್ಟೇ ಅರ್ಥ.

ಜಪಾನಿನಲ್ಲೇ ಅರ್ಥ ಬದಲಾದ ಇಂಗ್ಲಿಷ್ ಪದಗಳೂ ಇವೆ. ಮ್ಯಾನ್ಶನ್ ಅಂದರೆ ಫ್ಲ್ಯಾಟು. ಕ್ಲೇಮ್ ಅಂದರೆ ದೂರು. ಸ್ಮಾರ್ಟ್ ಅಂದರೆ ತೆಳ್ಳಗೆ. ಕನಿಂಗ್ ಅಂದರೆ ಪರೀಕ್ಷೆಯಲ್ಲಿ ಕಾಪಿ. ಸರ್ವಿಸ್ ಅಂದರೆ ಪುಕ್ಕಟೆ. ಕನ್ಸೆಂಟ್ ಅಂದರೆ ಗೋಡೆಯ ಪ್ಲಗ್ ಸಾಕೆಟ್. ಇವನ್ನು ಪಟ್ಟಿ ಮಾಡಿ ಕಲಿಸಬೇಡಿ, ಮಾತಿನಲ್ಲಿ ಬಂದಾಗ ತಿದ್ದಿ.

ಸಂಖ್ಯೆಗೆ ಮಾತ್ರ ಒಂದು ಇಡೀ ತರಗತಿ ಕೊಡಿ. ಜಪಾನಿನ ಲೆಕ್ಕ ಹತ್ತು ಸಾವಿರದ ಮೇಲೆ ನಿಂತಿದೆ. ಹತ್ತು ಸಾವಿರ ಒಂದು ‘ಮಾನ್’, ಹತ್ತು ಕೋಟಿ ಒಂದು ‘ಒಕು’. ಮಿಲಿಯನ್, ಬಿಲಿಯನ್ ಅಂದರೆ ಮೀಟಿಂಗಿನಲ್ಲಿ ತಲೆ ತಿರುಗುತ್ತದೆ. ಲಕ್ಷ-ಕೋಟಿಯಿಂದ ಮಿಲಿಯನ್ನಿಗೆ ಹೋಗುವಾಗ ನಮಗೂ ಹೀಗೇ ಆಗುತ್ತದೆ. 100 ಮಾನ್ ಅಂದರೆ ಒಂದು ಮಿಲಿಯನ್, 10 ಒಕು ಅಂದರೆ ಒಂದು ಬಿಲಿಯನ್. ಈ ಎರಡು ಗೂಟ ನೆಟ್ಟು, ಅವರ ಕಂಪನಿಯ ನಿಜವಾದ ಮೊತ್ತಗಳನ್ನೇ ಹೇಳಿಸಿ. ಕಂಪನಿಯವರು ಅತಿ ಹೆಚ್ಚು ಥ್ಯಾಂಕ್ಸ್ ಹೇಳುವ ಪಾಠ ಇದು.

ತಿದ್ದುವ ರೀತಿ: ಮಾತಿನ ಮಧ್ಯೆ ತಡೆಯಬೇಡಿ. ‘ಐ ವೆಂಟ್ ಟು ಶಾಪಿಂಗ್’ ಅಂದರೆ ‘ಓ, ಯೂ ವೆಂಟ್ ಶಾಪಿಂಗ್! ವೇರ್?’ ಅಂತ ಸರಿಯಾದ ರೂಪ ಸೇರಿಸಿ ಮುಂದೆ ಹೋಗಿ. ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಕೊನೆಯ 10 ನಿಮಿಷದಲ್ಲಿ ಮೂರನ್ನು ಮಾತ್ರ ಎತ್ತಿಕೊಳ್ಳಿ. ಯಾರ ತಪ್ಪು ಅಂತ ಹೇಳಬೇಡಿ. ಹೇಳದಿದ್ದರೂ ಅವರಿಗೆ ಗೊತ್ತಾಗುತ್ತದೆ.

ಹಂತ 7: ಏನು ಮಾತಾಡಿಸಬೇಕು

ಊರಿನ ವಿಶೇಷ ತಿಂಡಿ ಯಾವುದು ಅಂತ ಕೇಳಿದರೆ ಸುಮ್ಮನಿರುವ ಜಪಾನಿಯರು ಕಡಿಮೆ. ಪ್ರತಿ ಊರಿಗೂ ಹೆಮ್ಮೆಯಿಂದ ಹೇಳುವ ಏನಾದರೂ ಇರುತ್ತದೆ. ಓನ್ಸೆನ್ ಅಂದರೆ ಬಿಸಿನೀರಿನ ಬುಗ್ಗೆ, ನಾಯಿ-ಬೆಕ್ಕು, ಗಾಲ್ಫ್, ಏಪ್ರಿಲ್ ಕೊನೆಯ ಗೋಲ್ಡನ್ ವೀಕ್ ರಜೆ, ಹಿರಿಯರನ್ನು ನೆನೆಯುವ ಆಗಸ್ಟಿನ ಒಬೋನ್ ಹಬ್ಬ, ವರ್ಷ ಮುಗಿಯುವ ಡಿಸೆಂಬರಿನ ಬೋನೆನ್‌ಕಾಯ್ ಪಾರ್ಟಿ, ಇವೆಲ್ಲ ನಡೆಯುತ್ತವೆ. ‘ಮದುವೆ ಆಗಿದೆಯಾ? ಮಕ್ಕಳೆಷ್ಟು? ಸಂಬಳ ಎಷ್ಟು?’ ಬೇಡ. ನಮಗೆ ಅದು ಆತ್ಮೀಯತೆ, ಅವರಿಗೆ ವಿಚಾರಣೆ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. ‘ನಿಮ್ಮ ಅಭಿಪ್ರಾಯ ಏನು?’ ಅಂತ ರಾಜಕೀಯದ ಚರ್ಚೆಗೂ ಮೊದಲ ತಿಂಗಳಲ್ಲೇ ಇಳಿಯಬೇಡಿ.

ಮನೆಗೆಲಸಕ್ಕೆ ಗಟ್ಟಿಯಾಗಿ ಓದುವುದು ಮತ್ತು ಶ್ಯಾಡೋಯಿಂಗ್, ಅಂದರೆ ಆಡಿಯೋ ಕೇಳುತ್ತಲೇ ಅದರ ಬೆನ್ನಿಗೆ ಹೇಳುವುದು. ಎರಡೂ ಅವರಿಗೆ ಪರಿಚಯ ಇರುವ ಅಭ್ಯಾಸಗಳು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ರೇಡಿಯೋ ಇಂಗ್ಲಿಷ್ ಪಾಠಗಳಿಗೆ ಪುಸ್ತಕದಂಗಡಿಯಲ್ಲಿ ತಿಂಗಳ ಪಠ್ಯ ಸಿಗುತ್ತದೆ, ಎಷ್ಟೋ ಜನ ಆಗಲೇ ಕೇಳುತ್ತಿರುತ್ತಾರೆ. ಅದನ್ನೇ ಬಳಸಿಕೊಳ್ಳಿ. ಜೊತೆಗೆ ದಿನಕ್ಕೆ ಮೂರು ವಾಕ್ಯ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ಬರೆಯಲು ಹೇಳಿದರೆ ನಿಘಂಟು ಹಿಡಿದು ಒಂದು ಗಂಟೆ ಕೂರುತ್ತಾರೆ.

ಹಂತ 8: ದುಡ್ಡು, ಅನುಮತಿ, ಸಮಯ

ಜಪಾನಿನಲ್ಲಿ ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಅಲ್ಲಿ ಕೆಲಸದಲ್ಲಿರುವ ಗಂಡ ಅಥವಾ ಹೆಂಡತಿಯ ಜೊತೆ ಹೋಗಿ ಇರುವವರು ಪಾಠ ಮಾಡಿ ಹಣ ಪಡೆಯುವ ಮೊದಲು ಇಮಿಗ್ರೇಷನ್ ಕಚೇರಿಯ ಅನುಮತಿ ಪಡೆಯಲೇಬೇಕು. ಸಾಮಾನ್ಯ ಅನುಮತಿಗೆ ವಾರಕ್ಕೆ 28 ಗಂಟೆಯ ಮಿತಿ. ಶಾಲೆಗೆ ಸೇರುತ್ತೀರೋ ಸ್ವಂತ ಪಾಠವೋ ಅಂತ ಅರ್ಜಿ ಹಾಕುವಾಗಲೇ ತಿಳಿಸಿ ಕೇಳಿ. ಶುಲ್ಕ ತಿಂಗಳಿಗೊಮ್ಮೆ ತೆಗೆದುಕೊಳ್ಳಿ, ವರ್ಷದ ಮುಂಗಡ ಕೇಳಬೇಡಿ. ಅಲ್ಲಿನ ಅತಿ ದೊಡ್ಡ ಏಕೈವಾ ಸಂಸ್ಥೆಯಾಗಿದ್ದ ನೋವಾ 2007ರಲ್ಲಿ ಕುಸಿದಾಗ, ಮುಂಗಡ ಕಟ್ಟಿದ್ದ ಎಷ್ಟೋ ವಿದ್ಯಾರ್ಥಿಗಳು ಹಣ ಕಳೆದುಕೊಂಡರು. ಆ ನೆನಪು ಇರುವವರು ಇನ್ನೂ ಇದ್ದಾರೆ. ಪಾಠ ರದ್ದು ಮಾಡುವ ನಿಯಮ ಮೊದಲ ದಿನವೇ ಬರೆದು ಕೊಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಪಾಠಕ್ಕೆ 5 ನಿಮಿಷ ಮೊದಲೇ ಅಲ್ಲಿರಿ.

ಹಂತ 9: ಆರನೇ ತಿಂಗಳು

ಈಗ ಮೊದಲ ದಿನದ ರೆಕಾರ್ಡಿಂಗ್ ತೆಗೆಯಿರಿ. ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಹೊಸದಾಗಿ ರೆಕಾರ್ಡ್ ಮಾಡಿ, ಎರಡನ್ನೂ ಕೇಳಿಸಿ. ತಪ್ಪು ಎಣಿಸಬೇಡಿ. ಒಂದು ನಿಮಿಷದಲ್ಲಿ ಎಷ್ಟು ಪದ ಹೇಳಿದರು, ‘ಲೆಟ್ ಮಿ ಥಿಂಕ್’ ಎಷ್ಟು ಸಲ ಬಂತು, ಅವರಾಗಿ ಎಷ್ಟು ಪ್ರಶ್ನೆ ಕೇಳಿದರು ಅಂತ ನೋಡಿ. ‘ನನಗೆ ಇನ್ನೂ ಏನೂ ಬರುವುದಿಲ್ಲ’ ಅನ್ನುವುದು ಅಲ್ಲಿನ ವಿನಯ. ಅದಕ್ಕೆ ವಾದ ಮಾಡುವ ಬದಲು ಈ ಅಂಕಿಗಳನ್ನು ಕೈಗೆ ಕೊಡಿ.

ಮುಂದಿನ ಯೋಜನೆ ಹಾಕುವಾಗ ಕ್ಯಾಲೆಂಡರ್ ನೋಡಿ. ಅಲ್ಲಿ ಶಾಲೆಗೂ ಹೆಚ್ಚಿನ ಕಂಪನಿಗಳಿಗೂ ಹೊಸ ವರ್ಷ ಏಪ್ರಿಲಿನಿಂದ. ಮಾರ್ಚಿನಲ್ಲಿ ವರ್ಗಾವಣೆಯ ಆದೇಶ ಬಂದು ಒಳ್ಳೆಯ ವಿದ್ಯಾರ್ಥಿ ಇದ್ದಕ್ಕಿದ್ದಂತೆ ಬೇರೆ ಊರಿಗೆ ಹೋಗಬಹುದು. ಆದ್ದರಿಂದ ಫೆಬ್ರವರಿಯ ಪಾಠಗಳನ್ನು ಹೊಸ ಕಚೇರಿಗೆ ಬೇಕಾಗುವ ಮಾತಿಗೆ ಮೀಸಲಿಡಿ: 30 ಸೆಕೆಂಡಿನ ಸ್ವಪರಿಚಯ, ಹೊಸ ಸಹೋದ್ಯೋಗಿಗೆ ಕೇಳುವ ಮೂರು ಪ್ರಶ್ನೆ, ಮೀಟಿಂಗಿನಲ್ಲಿ ತಡೆದು ‘ಸಾರಿ, ಕ್ಯಾನ್ ಐ ಚೆಕ್ ಒನ್ ಥಿಂಗ್?’ ಅನ್ನುವುದು. ಹೋಗುವವರಿದ್ದರೆ ಆ ಊರಿನಿಂದಲೇ ಆನ್‌ಲೈನಿನಲ್ಲಿ ಮುಂದುವರಿಸುತ್ತೀರಾ ಅಂತ ಮಾರ್ಚ್ ಮೊದಲ ವಾರವೇ ಕೇಳಿ.